ಎರಡು ದಿನದ ನೀರು

ಇನ್ನೂ ತಂಪಿದೆ, ಬಂಡೆ ಇನ್ನೂ ತಂಪಿದೆ, ಅಂಗೈಗೆ ಇದು ತಿಳಿಯುವುದಿಲ್ಲ, ಹನ್ನೊಂದು ವರ್ಷ ನೀರಿನ ಪೈಪು ಹಿಡಿದು ತೊಗಲು ಗಟ್ಟಿಯಾದ ಅಂಗೈಗೆ ಬಿಸಿಯೂ ಒಂದೇ ತಂಪೂ ಒಂದೇ, ಕೈಯ ಹಿಂಬದಿ ಮಾತ್ರ ನಿಜ ಹೇಳುತ್ತದೆ — ಗದಿಗೆಮ್ಮ ಕೈ ಮಗುಚಿ ದಾರಿ ಬದಿಯ ಬಂಡೆಗೆ ಒತ್ತಿ ನಿಂತಿದ್ದಾಳೆ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ, ಕಟ್ಟಡದ ಸ್ಲ್ಯಾಬಿನ ಮೇಲೂ ಅವಳು ನೋಡುವುದು ಹೀಗೆಯೇ, ಗೋಣಿತಟ್ಟು ಸರಿಸಿ, ಕೈಯ ಹಿಂಬದಿ ಇಟ್ಟು, ಇಲ್ಲಿ ಆರಿದೆ ಇನ್ನೊಂದು ಸುತ್ತು ನೀರು ಹೊಡೆ, ಇಲ್ಲಿ ಸಾಕು, ಹೊಸ ಕಾಂಕ್ರೀಟು ಹಸಿ ಬಾಣಂತಿ ಇದ್ದ ಹಾಗೆ, ಅದರ ಮೈ ಆರಗೊಡಬಾರದು, ಆರಿದರೆ ಸೀಳುತ್ತದೆ, ಇಂಜಿನಿಯರ್ ಸಾಹೇಬನಿಗೆ ಪುಸ್ತಕ ನೋಡಿ ಗೊತ್ತು, ಅವಳಿಗೆ ಈ ಕೈಯಿಂದ ಗೊತ್ತು. ಅತ್ತೀ, ಕೂಸಿಗಿ ಬಿಸಲ ಹತ್ತಾಕತ್ತೈತಿ, ಎಷ್ಟೊತ್ತ ನಿಂದರ್ತೀರಿ — ಹಿಂದೆ ಸೊಸೆ ರೇಣುಕಾ, ಎದೆಗೆ ಕಟ್ಟಿದ ಹಳೆಯ ಸೀರೆಯ ಜೋಳಿಗೆಯಲ್ಲಿ ಎರಡು ತಿಂಗಳ ಹೆಣ್ಣು ಕೂಸು, ಕುಲಾವಿ ಕಣ್ಣಿನ ತನಕ ಜಾರಿದೆ. ಬಂದೆ ತಾಯಿ, ಕಲ್ಲು ಇನ್ನಾ ತಂಪ ಐತಿ, ನೀರಿನ ತಾಯಿ ಗಂಗವ್ವ ಹೋಗಿಲ್ಲ, ಇದ್ದಾಳ. ಇರಬೇಕು, ಇರಲೇಬೇಕು, ಆಲಿಕಲ್ಲಿನ ಮಳೆ ಬಿದ್ದದ್ದು ಮೊನ್ನೆ ಸಂಜೆ, ಕುರಿ ಕಾಯುವ ಮಲ್ಲಣ್ಣ ಹೇಳಿದ್ದು ಎರಡೇ ದಿನ, ಆ ಗುಡ್ಡದ ಬಂಡೆ ಮೇಲಿಂದ ನೀರು ಬೀಳುತ್ತದೆ ಅಮ್ಮಾ, ರೆಂಡೇ ರೋಜುಲು, ಎರಡೇ ದಿನ, ಆಮೇಲೆ ಹೋಗಿ ನೋಡಿದರೆ ಅಲ್ಲಿ ಹಲ್ಲಿಯ ಬಾಲವೂ ನೆನೆಯುವುದಿಲ್ಲ. ಇವತ್ತು ಎರಡನೆಯ ದಿನ. ಯುಗಾದಿ ಎಂದು ಕೆಲಸಕ್ಕೆ ರಜೆ ಸಿಕ್ಕಿದ್ದೂ ಇವತ್ತೇ.

ಇದೇನು ದೊಡ್ಡ ಗುಡ್ಡವೂ ಅಲ್ಲ, ಕ್ಯಾಂಪಿನ ತಗಡಿನ ಶೆಡ್ಡುಗಳ ಹಿಂದಿನಿಂದ ಹೊರಟರೆ ಒಂದು ತಾಸಿನ ದಾರಿ, ಕುರಿ ತುಳಿದು ಸಮ ಮಾಡಿದ ಕಾಲುಹಾದಿ, ತಲೆ ಮೇಲೆ ಬುಟ್ಟಿ ಹೊತ್ತು ಎಂಟು ಅಂತಸ್ತು ಹತ್ತಿ ಇಳಿದ ಕಾಲಿಗೆ ಇದು ಆಟ — ಟ್ಯಾಂಕರಿಗೇ ಮಾಡಿದ್ರ ಆಗ್ತಿತ್ತಲ್ರಿ ಅತ್ತೀ, ಕ್ಯಾಂಪಿನ್ಯಾಗ ಎಲ್ಲಾರೂ ಅದಕ್ಕಽ ಮಾಡ್ತಾರ, ಎಂದು ರೇಣುಕಾ ಹೇಳಿದ್ದು ಇವತ್ತಿಗೆ ಹತ್ತನೆಯ ಸಲ. ಮಾಡುತ್ತಾರೆ, ಹೌದು, ಹೆತ್ತವಳು ಹರಿವ ನೀರಿನ ಬಳಿ ಐದು ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ, ಗಂಗವ್ವನಿಗೆ ಉಡಿ ತುಂಬಿ, ಮೊದಲ ನೀರನ್ನು ಕೂಸಿನ ನೆತ್ತಿಗೆ ಮುಟ್ಟಿಸಬೇಕು, ಅಲ್ಲಿಯ ತನಕ ಅವಳು ಕೊಡ ಹೊರುವಂತಿಲ್ಲ, ಕೆಲಸಕ್ಕೆ ಹೋಗುವಂತಿಲ್ಲ, ಇಲ್ಲಿ ಹರಿವ ನೀರು ಎಲ್ಲಿಂದ ತರುವುದು, ಟ್ಯಾಂಕರಿನ ಪೈಪಿಗೇ ಹಸಿರು ಬಳೆ ಏರಿಸಿ ಕುಂಕುಮ ಹಚ್ಚುತ್ತಾರೆ, ಡ್ರೈವರ್ ಇಂಜಿನ್ ಬಂದ್ ಮಾಡದೆ ಹಾರ್ನ್ ಹೊಡೆಯುತ್ತ ಕೂತಿರುತ್ತಾನೆ, ಒಡೆದ ಕಾಯಿಯ ಒಂದು ಹೋಳು ಕೈಗೆ ಬಿದ್ದ ಮೇಲೆ ಆ ಪುಣ್ಯಾತ್ಮನ ಮುಖ ಅರಳುತ್ತದೆ, ಬಳೆಯ ಸಮೇತ ಪೈಪು ಮುಂದಿನ ಕ್ಯಾಂಪಿಗೆ ಹೋಗುತ್ತದೆ. ಆ ಬಾಣಂತಿಯರ ಕೂಸುಗಳೆಲ್ಲ ಮರಳ ಗುಡ್ಡೆಯ ಮೇಲೆ ಚೆನ್ನಾಗಿಯೇ ಆಡಿಕೊಂಡಿವೆ, ಅದೂ ನಿಜ, ಆದರೆ ಗದಿಗೆಮ್ಮ ಒಪ್ಪಲಿಲ್ಲ, ತಿಂಗಳಿಂದ ಇವತ್ತು ನಾಳೆ ಎನ್ನುತ್ತ ತಳ್ಳಿದಳು, ಮಗ ಹುಲಗೇಶ ಸಿಟ್ಟಾಗಿ ಊಟ ಬಿಟ್ಟು ಎದ್ದರೂ ಒಪ್ಪಲಿಲ್ಲ, ನಿಂತ ನೀರು ಬೇಡ, ಯಾರೋ ತಿರುವಿ ಬಿಡುವ ನೀರು ಬೇಡ, ನಳದ್ದು ಮೊದಲೇ ಬೇಡ, ಕೂಸಿನ ನೆತ್ತಿಗೆ ತಾನಾಗಿ ಬೀಳುವ ನೀರೇ ಬೇಕು. ಯಾಕ ಅಂತ ಹೇಳ್ರಿ, ಎಂದರೆ ಹೇಳಲು ಬಾಯಿ ಬರುವುದಿಲ್ಲ, ಹಿತ್ತಾಳೆಯ ನಳದ ಬಾಯಲ್ಲಿ ಒಂದು ಹನಿ ತೂಗುತ್ತಿರುವುದು ಕಾಣುತ್ತದೆ, ಅಷ್ಟೇ.

ಸೊಂಟದಲ್ಲಿ ಗಂಟು ಒತ್ತುತ್ತಿದೆ, ಮೌನಪ್ಪ ಕಟ್ಟಿಕೊಟ್ಟ ಕಲ್ಲಿನ ಗಂಟು, ಈ ಗಂಡನ ಬುದ್ಧಿಗೆ ಏನು ಹೇಳಬೇಕು, ಇಡೀ ಹೈದರಾಬಾದೇ ಬಂಡೆಯ ಮೇಲೆ ಕೂತಿದೆ, ಎಡವಿದರೆ ಕಲ್ಲು, ಅಂಥಲ್ಲಿಗೆ ಕಲ್ಲು ಹೊತ್ತುಕೊಂಡು ಹೋಗು ಎನ್ನುತ್ತಾನಲ್ಲ — ಬೆಳಿಗ್ಗೆ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, ಕೆಟ್ಟ ಮೊಣಕಾಲನ್ನು ಕೈಯಿಂದ ಎತ್ತಿ ಇಟ್ಟುಕೊಳ್ಳುತ್ತ ಹೊಸ್ತಿಲಿಗೆ ಬಂದ, ಇವ ಒಯ್ಯಿ, ನಾನಽ ಆರಿಸಿಟ್ಟೀನಿ, ಅಲ್ಲೇ ಹೋಗಿ ಬಿಚ್ಚು, ದಾರ್‍ಯಾಗ ಬಿಚ್ಚಬ್ಯಾಡ. ದಾರಿಯಲ್ಲಿ ಆರಿಸಿಕೊಳ್ಳುತ್ತೇನೆ ಎನ್ನಬೇಕೆಂದಿದ್ದಳು, ಅವನ ಮುಖ ನೋಡಿ ಸುಮ್ಮನೆ ಇಸಿದುಕೊಂಡಳು, ಇಸಿದುಕೊಂಡರೇನು, ನೀರಿಗಿಡುವ ಮೊದಲು ಒಂದೊಂದನ್ನೂ ಬಡಿದೇ ನೋಡುತ್ತಾಳೆ, ಕಲ್ಲಿನ ವಿಷಯದಲ್ಲಿ ಈ ಮನುಷ್ಯನನ್ನು ನಂಬುವ ಹಾಗಿಲ್ಲ, ಬೇರೆ ಎಲ್ಲದರಲ್ಲಿ ನಂಬಬಹುದು. ಮುತ್ತುಗ ಹೂ ಬಿಟ್ಟಿದೆ, ಎಲೆಯೇ ಇಲ್ಲದ ಗಿಡಕ್ಕೆ ಬೆಂಕಿ ಹತ್ತಿದ ಹಾಗೆ, ಸೀತಾಫಲದ ಪೊದೆಗಳು ಮೊನ್ನೆಯ ಒಂದೇ ಮಳೆಗೆ ಚಿಗುರು ಹಾಕಿಬಿಟ್ಟಿವೆ, ಇವಕ್ಕೆ ಎಷ್ಟು ಆಸೆ. ತಿರುಗಿ ನೋಡಿದರೆ ಕೆಳಗೆ ಗಾಜಿನ ಕಟ್ಟಡ, ಅದರೊಳಗೆ ಕಂಪ್ಯೂಟರಿನ ಮುಂದೆ ಕೂತವರಿಗೆ ಬೇಸಿಗೆ ಎಂದರೇನೆಂದೇ ಗೊತ್ತಿಲ್ಲವಂತೆ, ಇರಲಿ, ಅದರ ಕಂಬ ಕಂಬವೂ ಅವಳ ಕೈಯ ನೀರು ಕುಡಿದು ಗಟ್ಟಿಯಾದದ್ದು, ಮೂರು ವರ್ಷದ ಕೆಳಗೆ ಅಲ್ಲಿಯೂ ಇಂಥದ್ದೇ ಗುಡ್ಡವಿತ್ತು, ಸೈರನ್ ಕೂಗಿ ಮದ್ದಿಟ್ಟು ಒಡೆದರು, ಆ ಗುಡ್ಡದಲ್ಲೂ ಎರಡು ದಿನದ ನೀರು ಇತ್ತೋ ಏನೋ, ಯಾರು ನೋಡಿದ್ದಾರೆ.

ಕೈ ಮಗುಚಿ ಇನ್ನೊಂದು ಬಂಡೆ. ಬೆಚ್ಚಗಿದೆ. ಬೇಡ, ಇದು ಬಿಸಿಲಿನ ಮಗ್ಗುಲು, ಆ ಮಗ್ಗುಲು ನೋಡು, ಆ ಮಗ್ಗುಲೂ ಬೆಚ್ಚಗೇ ಇದೆ, ಕಾಲು ತಾನಾಗಿ ಬಿರುಸಾಗುತ್ತದೆ, ಅತ್ತೀ ಸಾವಕಾಶ, ಎಂದರೆ ಕೇಳಿಸುವುದಿಲ್ಲ — ನಾಂಪಲ್ಲಿ ಸ್ಟೇಷನ್ನಿನಲ್ಲಿ ಇಳಿದಾಗಲೂ ಮೌನಪ್ಪ ಹೀಗೇ ಹಿಂದಿನಿಂದ ಸಾವಕಾಶ ಸಾವಕಾಶ ಎನ್ನುತ್ತಿದ್ದ, ಎಂಟು ತಿಂಗಳ ಬಸುರಿ, ತಲೆಯ ಮೇಲೆ ಜೋಳದ ಚೀಲ, ಯಾದಗಿರಿಯ ಆಚೆ ಊರೇ ನೋಡದ ಇಬ್ಬರು, ಇಪ್ಪತ್ತೆರಡು ವರ್ಷವಾಯಿತು. ಸನತ್‌ನಗರದಲ್ಲಿ ಒಂದು ಕಾರ್ಖಾನೆಯ ಕಾಂಪೌಂಡ್ ಗೋಡೆಯ ಕೆಲಸ, ಗೋಡೆಗೇ ಒರಗಿಸಿದ ಗುಡಿಸಲು, ಅಲ್ಲಿಯೇ ಹೆತ್ತಳು, ಅತ್ತೆಯಿಲ್ಲ ತಾಯಿಯಿಲ್ಲ, ಹೊಕ್ಕುಳು ಕೊಯ್ದದ್ದು ಪಕ್ಕದ ಗುಡಿಸಲಿನ ಮರಾಠಿ ಹೆಂಗಸು, ಹೆಣ್ಣು ಕೂಸು, ಶಿವಗಂಗಾ ಎಂದು ಹೆಸರಿಟ್ಟದ್ದು ಮೌನಪ್ಪ, ತಲೆ ತುಂಬ ಕೂದಲು, ಎಡಗಿವಿಯ ಹಿಂದೆ ಹೆಸರುಕಾಳಿನಷ್ಟು ಮಚ್ಚೆ. ಗಂಗವ್ವನ ಪೂಜೆ ಮಾಡಬೇಕು, ಐದು ಕಲ್ಲು ತಾರೋ ಮಾರಾಯಾ, ಎಂದರೆ ಹೋಗಿ ತಂದ, ಗೋಡೆಯ ನಳದ ಕೆಳಗೆ ಸಾಲಾಗಿ ಇಟ್ಟ, ಹಿತ್ತಾಳೆಯ ನಳ, ಚೊಂಬಿನಲ್ಲಿ ಹಿಡಿದಿಟ್ಟ ನೀರಿನಿಂದ ಅವಳು ಕಲ್ಲು ತೊಳೆದಳು, ಒಂದು, ಎರಡು, ಮೂರು, ನಾಲ್ಕು, ಐದನೆಯದನ್ನು ಉಜ್ಜಿದರೆ ಬೆರಳಿಗೆ ಬೂದಿ ಹತ್ತಿತು, ಕಲ್ಲು ಕರಗುತ್ತದೆಯೇ, ಹೆಬ್ಬೆರಳು ಒಳಗೇ ಹೋಯಿತು — ಕಲ್ಲಲ್ಲ, ನೆಂದ ಚೀಲದಲ್ಲಿ ಗಡ್ಡೆ ಕಟ್ಟಿದ ಸಿಮೆಂಟು. ಹೊಲ ಬಿಟ್ಟು ಬಂದು ಎರಡು ತಿಂಗಳಾಗದ ಗಂಡಸಿಗೆ ಯಾವುದು ಕಲ್ಲು ಯಾವುದು ಸಿಮೆಂಟು ಎಂದು ಹೇಗೆ ಗೊತ್ತಾಗಬೇಕು, ಎರಡೂ ಬೂದು ಬಣ್ಣ, ಎರಡೂ ಮುಷ್ಟಿಯಷ್ಟು. ಅವನು ಕೂಸನ್ನು ನೋಡಿ ನಗುತ್ತಿದ್ದ. ಅವಳು ಚೆಂಡುಹೂವು ಇಟ್ಟು ಅದನ್ನು ಮುಚ್ಚಿದಳು, ಹೇಳಲಿಲ್ಲ, ನಗುವ ಮನುಷ್ಯನಿಗೆ ಹೇಗೆ ಹೇಳುವುದು, ಮೊದಲ ನೀರು ಹಿಡಿಯಲು ನಳ ತಿರುವಿದಳು, ನಳ ಒಮ್ಮೆ ಕೆಮ್ಮಿತು, ಉಸ್ಸೆಂದು ಗಾಳಿ ಬಿಟ್ಟಿತು, ಒಂದು ಹನಿ ಬಾಯಿಗೆ ಬಂದು ದಪ್ಪವಾಗಿ ತೂಗಿತು, ಬೊಗಸೆ ಒಡ್ಡಿಕೊಂಡೇ ಇದ್ದಳು, ತೂಗಿತು, ತೂಗಿತು, ಬೀಳಲೇ ಇಲ್ಲ, ಒಳಗೆ ಹೋಯಿತು. ಮೂರನೆಯ ತಿಂಗಳಿಗೆ ಶಿವಗಂಗಾ ಹಾಲು ಕುಡಿಯುವುದನ್ನು ಬಿಟ್ಟಳು, ನಾಲ್ಕೇ ದಿನ. ಡಾಕ್ಟರು ಜ್ವರ ಎಂದರು, ಇರಬಹುದು, ಜ್ವರವೇ ಇರಬಹುದು, ಅವಳೇನು ಅಷ್ಟು ದಡ್ಡಿಯಲ್ಲ, ಆದರೆ ಮುಂದೆ ಹುಲಗೇಶ ಹುಟ್ಟಿದಾಗ ಊರಿಗೆ ಹೋಗಿ ಹಳ್ಳದ ದಂಡೆಯಲ್ಲಿ ಪೂಜೆ ಮಾಡಿದಳಲ್ಲ, ಅವನು ಇವತ್ತು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರವಿದ್ದಾನೆ. ಆ ಹೆಸರನ್ನು ಮೌನಪ್ಪ ಮತ್ತೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ನಗು ಕೇಳಿಸುತ್ತದೆ, ಮೇಲಿನಿಂದ ನಾಲ್ಕೈದು ಹುಡುಗ ಹುಡುಗಿಯರು ಇಳಿದು ಬರುತ್ತಿದ್ದಾರೆ, ಕಾಲಿಗೆ ಬೂಟು, ಬೆನ್ನಿಗೆ ಚೀಲ, ಒಬ್ಬನ ಕೊರಳಲ್ಲಿ ಕ್ಯಾಮೆರಾ, ಕಂಪ್ಯೂಟರಿನ ಮಂದಿ, ರಜೆಯ ದಿನ ಮಲಗುವುದು ಬಿಟ್ಟು ಇವರೂ ಗುಡ್ಡ ಹತ್ತುತ್ತಾರಲ್ಲ, ಪಾಪ, ಇವರಿಗೇನು ಹರಕೆಯೋ — ಕೂಸನ್ನು ಕಂಡು ಒಬ್ಬ ಹುಡುಗಿ ನಿಂತು ಕೆನ್ನೆ ಮುಟ್ಟಿದಳು, ಆಂಟೀ, ಊಪರ್ ಮತ್ ಜಾವೋ, ಪಾನಿ ಖತಂ, ಕುಛ್ ನಹೀ ಹೈ. ನೀರಿಲ್ಲ. ಮೇಲೆ ಏನೂ ಇಲ್ಲ. ರೇಣುಕಾ ಅಲ್ಲಿಯೇ ಕಲ್ಲಿನ ಮೇಲೆ ಕೂತುಬಿಟ್ಟಳು, ಕೇಳಿದ್ರಿಲ್ರಿ ಅತ್ತೀ, ಮುಗೀತಂತ, ನಾಳಿ ಟ್ಯಾಂಕರ್ ಬರ್ತೈತಿ, ನಾ ಕೈ ಮುಗೀತೀನಿ, ನಾ ಕೆಲಸಕ್ಕ ಹೋಗಬೇಕ್ರಿ, ಎಷ್ಟ ದಿನಂತ ಕುಂದರ್ಲಿ. ರೇಣುಕಾಳ ಕಣ್ಣಲ್ಲಿ ನೀರು ಬಂದಿದೆ, ಹತ್ತೊಂಬತ್ತು ವರ್ಷ, ತಾಯಿಯಿಲ್ಲದ ಹುಡುಗಿ, ಅವಳ ಮಾತಿನಲ್ಲಿ ತಪ್ಪೇನಿಲ್ಲ, ಅತ್ತೆ ಎಂಬುವಳು ಬಿಸಿಲಲ್ಲಿ ಹಸಿ ಬಾಣಂತಿಯನ್ನು ಗುಡ್ಡ ಹತ್ತಿಸುತ್ತಿದ್ದಾಳೆ ಎಂದು ಕ್ಯಾಂಪಿನಲ್ಲಿ ನಾಳೆ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ನೀ ಇಲ್ಲೇ ನೆಳ್ಳಿಗಿ ಕೂಡು ಯವ್ವಾ, ಹಾಲ ಕುಡಿಸು, ನಾ ನೋಡಿ ಬರ್ತೀನಿ, ಇಲ್ಲಂದ್ರ ನಾಳಿ ನೀ ಹೇಳಿದಂಗ, ಟ್ಯಾಂಕರಿಗಽ ಮಾಡೂಣು. ಹೇಳಿಬಿಟ್ಟಳು. ಮಾತು ಬಾಯಿಂದ ಬಿದ್ದಾಯಿತು.

ಇನ್ನು ಇವತ್ತೇ, ಈಗಲೇ, ಸೆರಗು ಸೊಂಟಕ್ಕೆ ಸಿಗಿಸಿ ಹತ್ತುತ್ತಾಳೆ, ಹಾದಿ ಮುಗಿದು ಬಯಲು, ಬಯಲಿನ ಎದುರಿಗೆ ಗೋಡೆಯಂತೆ ನಿಂತ ದೊಡ್ಡ ಬಂಡೆ, ಮಲ್ಲಣ್ಣ ಹೇಳಿದ ಬಂಡೆ ಇದೇ, ತುದಿಯಿಂದ ಬುಡದ ತನಕ ಕಪ್ಪು ಕಲೆ ಇಳಿದಿದೆ, ನೀರಿನ ಕಲೆ, ನೀರಿಲ್ಲ. ಕೆಳಗೆ ಕೆಸರಿನಲ್ಲಿ ಬೂಟಿನ ಗುರುತು, ಬಿಸ್ಕತ್ತಿನ ಕಾಗದ. ಮಕ್ಕಳು ಸುಳ್ಳು ಹೇಳಿರಲಿಲ್ಲ. ಮೇಲಿನ ಅಂಚಿನಲ್ಲಿ ಏನೋ ಮಿನುಗುತ್ತಿದೆ, ಹನಿಯೇ, ಹೌದು ಹನಿಯೇ, ಅಂಚಿಗೆ ಬಂದು ದಪ್ಪವಾಗಿ ತೂಗುತ್ತಿದೆ, ಬೀಳು, ಬೀಳೇ ತಾಯಿ, ಬೀಳುವುದಿಲ್ಲ, ಬಿಸಿಲು ಅದನ್ನು ಅಲ್ಲಿಯೇ ಕುಡಿಯಿತು. ಇಪ್ಪತ್ತೆರಡು ವರ್ಷ ಕಾದು ಇಲ್ಲಿಗೂ ಬಂದೆಯಾ, ಈ ಬಾಯಿಗೂ ಬಂದು ತೂಗಿದೆಯಾ, ಹಿಂದಿರುಗಲು ಹೊರಳಿದರೆ ಕೆಸರಿನಲ್ಲಿ ಕಾಲು ಜಾರಿತು, ಬೀಳಬಾರದೆಂದು ಬಂಡೆಗೆ ಕೈ ಕೊಟ್ಟಳು, ಅಂಗೈ ಕೊಡಬೇಕಿತ್ತು, ಹನ್ನೊಂದು ವರ್ಷದ ರೂಢಿ, ಕೈಯ ಹಿಂಬದಿಯೇ ತಾಕಿತು — ತಂಪು. ಎಲಾ. ಇಷ್ಟು ಬಿಸಿಲು ಬಿದ್ದ ಬಂಡೆ ಇಷ್ಟು ತಂಪು ಹೇಗಾಯಿತು, ಎರಡು ಹೆಜ್ಜೆ ಎಡಕ್ಕೆ ಸರಿದು ಮುಟ್ಟಿದಳು, ಬೆಚ್ಚಗೆ, ಬಲಕ್ಕೆ ಸರಿದಳು, ತಂಪು, ಇನ್ನೂ ಬಲಕ್ಕೆ, ಇನ್ನೂ ತಂಪು, ಹಿಂಬದಿಯಲ್ಲಿ ನೀರು ನಿಂತ ಗೋಡೆ ಮಾತ್ರ ಹೀಗೆ ತಣ್ಣಗಿರುತ್ತದೆ, ಇದು ಅವಳಿಗೆ ಗೊತ್ತು, ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೈ ಮಗುಚಿ ಬಂಡೆಯನ್ನು ಸವರುತ್ತ ಸವರುತ್ತ ಮೂಲೆ ತಿರುಗಿದಳು, ಎರಡು ಬಂಡೆಗಳ ನಡುವೆ ಒಂದು ಸಂದು, ಮುಂದೆ ಸೀತಾಫಲದ ಪೊದೆ, ಅಡ್ಡಡ್ಡ ತಿರುಗಿದರೆ ಮೈ ಹಿಡಿಯುತ್ತದೆ. ಒಳಗಿನಿಂದ ಸುರ್ ಎನ್ನುವ ಸದ್ದು.

ಏ ಯಾರ್‍ರೋ ಅದು, ವಾಲ್ ಬಂದ್ ಮಾಡ್ರೋ, ಎಲ್ಲಾ ನೀರು ಹೋಗಾಕತ್ತೈತಿ — ಕೂಗಿದವಳು ಅವಳೇ, ಕೂಗಿ, ಕೈ ಆಗಲೇ ಬಂಡೆಯ ಬುಡದಲ್ಲಿ ನೀರು ನಿಲ್ಲಿಸುವ ಚಾವಿಗಾಗಿ ತಡಕುತ್ತಿದೆ, ಹನ್ನೊಂದು ವರ್ಷ ಬೈಸಿಕೊಂಡ ಕೈ, ನೀರು ಪುಕ್ಕಟೆ ಬರ್ತದೇನಮ್ಮಾ ಎಂದು ಸೂಪರ್‌ವೈಸರ್ ಕೂಗಿದಾಗಲೆಲ್ಲ ಓಡಿ ಹೋಗಿ ತಿರುವಿದ ಕೈ, ಇಲ್ಲಿ ಏನನ್ನು ತಿರುವುತ್ತೀಯೇ ಹುಚ್ಚೀ, ತಲೆ ಎತ್ತಿ ನೋಡು. ಎತ್ತಿದಳು. ಮೂರಾಳು ಎತ್ತರದಿಂದ ನೀರು ಬೀಳುತ್ತಿದೆ, ಒಂದು ಸೆರಗಿನಷ್ಟು ಅಗಲ, ತೆಳ್ಳಗೆ, ಒಂದೇ ಸಮನೆ, ಯಾರೂ ಬಿಟ್ಟದ್ದಲ್ಲ ಯಾರೂ ಬಂದ್ ಮಾಡುವಂಥದ್ದಲ್ಲ, ಸುತ್ತಲೂ ಬಂಡೆ, ಮಾಳಿಗೆ ಹೊದಿಸದ ಕೋಣೆಯ ಹಾಗೆ, ಮೇಲೆ ಒಂದು ತುಂಡು ಆಕಾಶ, ಅಲ್ಲಿಂದ ಬಿಸಿಲು ಓರೆಯಾಗಿ ಇಳಿದು ನೀರಿನ ಮೇಲೆ ಕೂತಿದೆ, ನೀರು ಕಡಿಮೆಯಾದ ಮೇಲೆ ಹೊರಗಿನ ಅಂಚಿನ ತನಕ ಹೋಗಲಾರದೆ ಗಂಗವ್ವ ಹಿಂದಿನ ಈ ಸಂದಿಗೆ ಇಳಿದಿದ್ದಾಳೆ, ಸತ್ತಿಲ್ಲ, ಒಳಕ್ಕೆ ಬಂದಿದ್ದಾಳೆ, ಅಷ್ಟೇ, ಎಲ್ಲರೂ ಮುಂದೆ ನಿಂತು ಮುಗಿಯಿತು ಎಂದರು. ಹಸಿರು, ಇಷ್ಟು ಹಸಿರು ಅವಳು ಈ ಊರಿಗೆ ಬಂದ ಮೇಲೆ ನೋಡಿಲ್ಲ, ಗೋಡೆಗೆಲ್ಲ ಪಾಚಿ, ಬುಡದ ಹೊಂಡದಲ್ಲಿ ಉಗುರಿನಷ್ಟು ಕಪ್ಪೆಗಳು, ಎಲ್ಲಿದ್ದಿರೋ ನೀವು, ವರ್ಷವೆಲ್ಲ ಈ ಕಾದ ಕಲ್ಲಿನ ಕೆಳಗೆ ಉಸಿರು ಹಿಡಿದುಕೊಂಡು ಈ ಎರಡು ದಿನಕ್ಕಾಗಿ ಕೂತಿದ್ದಿರಾ, ಯಾರು ಹೇಳಿದರು ನಿಮಗೆ ಬರುತ್ತದೆ ಎಂದು — ತುಂತುರು ಮುಖಕ್ಕೆ ಬೀಳುತ್ತಿದೆ, ಕಣ್ಣಿಗೆ ಬೀಳುತ್ತಿದೆ, ಎಷ್ಟು ಸ್ಲ್ಯಾಬಿಗೆ ಎಷ್ಟು ಕಂಬಕ್ಕೆ ನೀರು ಹಾಕಿದಳು, ತನ್ನ ಮೈಗೆ ನೀರು ಹಾಕುವವರೂ ಒಬ್ಬರು ಇರಬಹುದು ಎಂದು ಒಂದು ದಿನವೂ ಅನಿಸಿರಲಿಲ್ಲ, ದೊಡ್ಡವಳು ತಾಯಿ ನೀನು, ಭಾಳ ದೊಡ್ಡವಳು, ಎರಡು ಕೈ ತಾವಾಗಿ ಮೇಲೆದ್ದವು. ಎಷ್ಟು ಹೊತ್ತು ಹಾಗೆ ನಿಂತಳೋ. ಆಮೇಲೆ ಸಂದಿಯಿಂದ ಹೊರಗೆ ತೂರಿ, ಕ್ಯಾಂಪಿಗೇ ಕೇಳಿಸುವ ಹಾಗೆ ರೇಣುಕಾಳನ್ನು ಕರೆದಳು.

ರೇಣುಕಾ ಒಳಗೆ ಬಂದವಳು ಅತ್ತೆಯ ತೋಳು ಹಿಡಿದುಕೊಂಡು, ಅತ್ತದ್ದು ಮರೆತು ಬಾಯಿ ತೆರೆದು ಮೇಲೆ ನೋಡುತ್ತಿದ್ದಾಳೆ, ಕೂಸೂ ನೋಡುತ್ತಿದೆ, ಗದಿಗೆಮ್ಮ ಹೊಂಡದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗಂಟು ಬಿಚ್ಚುತ್ತಾಳೆ, ಒಂದೊಂದನ್ನೇ ತೆಗೆದು ಬಂಡೆಗೆ ಬಡಿಯುತ್ತಾಳೆ, ಒಂದು, ಟಣ್, ಎರಡು, ಟಣ್, ಮೂರು, ಇದೂ ಕಲ್ಲೇ, ನಾಲ್ಕು, ಐದು, ಐದನೆಯದನ್ನು ಎರಡು ಸಲ ಬಡಿದು, ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿದಳು, ಬೂದಿ ಬರಲಿಲ್ಲ, ಟಣ್, ಕಲ್ಲು, ನಿಜವಾದ ಕಲ್ಲು, ಎದೆ ಹಗುರಾಯಿತು, ಬಟ್ಟೆ ಕೊಡವಲು ಎತ್ತಿದರೆ ಬಟ್ಟೆಯಲ್ಲಿ ಇನ್ನೂ ಏನೋ ಭಾರವಿದೆ. ಇನ್ನೊಂದು ಕಲ್ಲು. ಆರು. ಒಂದು ಹೆಚ್ಚಿಗಿ ಐತಲ್ರಿ ಅತ್ತೀ, ಮಾವಾರು ಎಣಿಸಿಲ್ಲೇನ, ಎಂದು ರೇಣುಕಾ ನಗುತ್ತಾಳೆ. ಗದಿಗೆಮ್ಮನ ಕೈ ಬಟ್ಟೆಯ ಮೇಲೆಯೇ ನಿಂತಿದೆ — ಎಣಿಸಿಲ್ಲವೇ, ಇಪ್ಪತ್ತು ವರ್ಷ ಗೌಂಡಿ ಕೆಲಸ ಮಾಡಿದವನು, ಒಂದು ಇಟ್ಟಿಗೆ ಹೆಚ್ಚಾದರೆ ಗೋಡೆಯನ್ನೇ ಕೆಡವಿ ಕಟ್ಟಿದವನು, ಐದು ಎಣಿಸಲು ಬರುವುದಿಲ್ಲವೇ ಅವನಿಗೆ. ಒಂದು ಕೆಟ್ಟದ್ದು ಬಂದರೆ ಇರಲಿ ಎಂದು ಇನ್ನೊಂದು. ಕರಗಿದರೆ ಇರಲಿ ಎಂದು ಇನ್ನೊಂದು. ಅವನಿಗೆ ಗೊತ್ತಿತ್ತು. ಆವತ್ತು ನಗುತ್ತಲೇ ನೋಡಿದ್ದ, ಹೂವಿನ ಕೆಳಗೆ ಅವಳು ಮುಚ್ಚಿದ್ದನ್ನು ನೋಡಿದ್ದ, ಅವಳು ಅವನಿಂದ ಮುಚ್ಚಿಟ್ಟಳು, ಮುಚ್ಚಿಟ್ಟಿದ್ದಾಳೆ ಎಂಬುದನ್ನು ಅವನು ಅವಳಿಂದ ಮುಚ್ಚಿಟ್ಟ, ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಚಾಪೆಯ ಮೇಲೆ, ಅಯ್ಯೋ ಮೌನಪ್ಪಾ, ನೀನೊಬ್ಬನೇ ಹೊತ್ತೆಯಲ್ಲೋ. ನಿಮ್ಮ ಮಾವ ಎಣಿಸ್ಯಾನ ತಾಯಿ, ಎಣಿಸೇ ಇಟ್ಟಾನ, ಎಂದಳು.

ಐದು ಕಲ್ಲು ಸಾಲಾಗಿ, ಆರನೆಯದು ಸ್ವಲ್ಪ ಈಚೆಗೆ, ನೀರಿನ ತುಂತುರು ತಾಕುವಲ್ಲಿ, ಅದಕ್ಕೂ ಅರಿಶಿನ, ಅದಕ್ಕೂ ಕುಂಕುಮ, ತಂದ ಉಡಿ ಸಾಮಾನಿನಲ್ಲಿ ಉಳಿದ ಎರಡು ಹಸಿರು ಬಳೆ ಅದಕ್ಕೇ. ಇದು ಯಾರಿಗ್ರಿ, ಎಂದಳು ರೇಣುಕಾ. ನಿನ್ನ ನಾದಿನಿಗಿ. ನನಗ ನಾದಿನಿ ಎಲ್ಲ್ಯದಾಳ್ರಿ ಅತ್ತೀ. ಇದ್ದಳವ್ವಾ ಒಬ್ಬಾಕಿ, ಶಿವಗಂಗಾ ಅಂತ. ಹೇಳಿದಳು, ಬಾಯಿ ಸುಡಲಿಲ್ಲ, ಬಂಡೆ ಬಿರಿಯಲಿಲ್ಲ, ನೀರು ಒಂದೇ ಸಮನೆ ಬೀಳುತ್ತಲೇ ಇದೆ, ರೇಣುಕಾ ಅವಳ ಮುಖವನ್ನೇ ನೋಡಿದಳು, ಸೆರಗು ತಲೆಗೆ ಎಳೆದುಕೊಂಡು ಆರನೆಯ ಕಲ್ಲಿಗೂ ಕೈ ಮುಗಿದಳು, ಒಳ್ಳೆಯ ಹುಡುಗಿ, ಕೂಸನ್ನು ಅತ್ತೆಯ ತೊಡೆಗೆ ಕೊಟ್ಟು ಬೀಳುವ ನೀರಿಗೆ ಬೊಗಸೆ ಒಡ್ಡಿದಳು, ಬೊಗಸೆ ತುಂಬಿತು, ತುಂಬಿ ಚೆಲ್ಲಿತು, ತಂದು ಕೂಸಿನ ನೆತ್ತಿಗೆ ಮುಟ್ಟಿಸಿದಳು, ಕೂಸು ಬೆಚ್ಚಿ ಅಳುವುದನ್ನೂ ಮರೆತು ಕಣ್ಣರಳಿಸಿದೆ, ನೀರು ನೆತ್ತಿಯಿಂದ ಎಡಗಿವಿಯ ಹಿಂದೆ ಇಳಿದು, ಮಚ್ಚೆಯಿಲ್ಲದ ಕಿವಿ, ಕೆನ್ನೆ ದಾಟಿ, ಗದ್ದಕ್ಕೆ ಬಂದು ಕೂಡಿಕೊಂಡು ಒಂದು ಹನಿಯಾಗುತ್ತದೆ, ದಪ್ಪವಾಗುತ್ತದೆ, ತೂಗುತ್ತದೆ, ಅದೇ ಹನಿ, ಹಿತ್ತಾಳೆಯ ನಳದ ಹನಿ, ತೂಗುತ್ತದೆ, ಗದಿಗೆಮ್ಮ ಉಸಿರು ಬಿಗಿ ಹಿಡಿದು ಕೈ ಮಗುಚಿ ಗದ್ದದ ಕೆಳಗೆ ಒಡ್ಡಿದ್ದಾಳೆ, ತೂಗುತ್ತಲೇ ಇದೆ, ಹನಿ, ಆ ಹನಿ — ಬಿತ್ತು. ಕೈಯ ಹಿಂಬದಿಗೆ. ತಂಪಿದೆ.